ಬೆನ್ನು ತಿರುಗಿಸಿ ಆರಿಸಿದ ಪಾಲು

೧೯೯೭ರಲ್ಲಿ ಕುಂದಾಪುರ ಪೇಟೆಯವರಿಗೆ ಟೀವಿ ಹಳೆಯ ಸಂಗತಿ. ಹೊಳೆಬದಿಯ ನಮ್ಮ ಕೇರಿಗೆ ಮಾತ್ರ ಅದು ಆಗಷ್ಟೇ ಬಂದಿತ್ತು, ಅದೂ ಪಕ್ಕದ ಮನೆಗೆ. ಗಾಳಿ ಬೀಸಿದರೆ ಮಾಡಿನ ಮೇಲಿನ ಆಂಟೆನಾ ತಿರುಗಿ ಚಿತ್ರದ ತುಂಬ ಅಕ್ಕಿ ಚೆಲ್ಲಿದ ಹಾಗೆ ಕಾಣುತ್ತಿತ್ತು. ಆಗ ಒಬ್ಬರು ಹೊರಗೆ ಹೋಗಿ ಕಂಬ ತಿರುಗಿಸಬೇಕು, ಒಳಗಿದ್ದವರು "ಬಂತ್, ಬಂತ್, ಹೋಯ್ತ್" ಎಂದು ಹೇಳುತ್ತಿರಬೇಕು. ಹೀಗೆ ಬಂದು ಹೋಗುವ ಚಿತ್ರದ ನಡುವೆ ನಾನು ಅವಳನ್ನು ಮೊದಲ ಸಲ ನೋಡಿದೆ.

ಅವಳು ಮಧ್ಯಾಹ್ನದ ಧಾರಾವಾಹಿಯೊಂದರ ಉದ್ಯಮಿ ಹೆಂಗಸು. ಅವಳು ಏನು ಮಾರುತ್ತಿದ್ದಳೋ ಯಾರಿಗೂ ಗೊತ್ತಿರಲಿಲ್ಲ, ಧಾರಾವಾಹಿ ಬರೆದವರಿಗೂ ಗೊತ್ತಿತ್ತೋ ಇಲ್ಲವೋ. ಕಾರಿನ ಬಾಗಿಲನ್ನು ಬೇರೆ ಯಾರೋ ತೆಗೆಯುತ್ತಿದ್ದರು. ಅವಳು ಇಳಿದು, ಕಂಕುಳಲ್ಲಿ ಒಂದು ಫೈಲು ಇಟ್ಟುಕೊಂಡು ಆಫೀಸಿನ ಉದ್ದನೆಯ ಹಾಲಿನಲ್ಲಿ ನಡೆಯುತ್ತಿದ್ದಳು. ಎರಡೂ ಬದಿ ಜನ ಎದ್ದು ನಿಲ್ಲುತ್ತಿದ್ದರು. ಅವಳಿಗೆ ಬೆವರು ಬರುತ್ತಿರಲಿಲ್ಲ, ಹಸಿವಾಗುತ್ತಿರಲಿಲ್ಲ, ಯಾರ ಹತ್ತಿರವೂ ಎರಡನೇ ಸಲ ಹೇಳಬೇಕಾಗುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅವಳು ಯಾವಾಗಲೂ ಒಬ್ಬಳೇ ಇರುತ್ತಿದ್ದಳು. ಜೊತೆಗೆ ಗೆಳತಿ ಎಂದು ಯಾರಾದರೂ ಬಂದರೆ, ಆ ಗೆಳತಿ ಮುಂದಿನ ವಾರ ಮೋಸ ಮಾಡುತ್ತಾಳೆ ಎಂದು ನಾವು ಕಣ್ಣು ಮುಚ್ಚಿ ಹೇಳಬಹುದಿತ್ತು.

ನನಗೆ ಆಗ ಹದಿಮೂರು ವರ್ಷ. ನನ್ನ ಮನೆ ಬೈಂದೂರು. ಹೈಸ್ಕೂಲಿಗೆಂದು ಕುಂದಾಪುರದ ದೊಡ್ಡಮ್ಮನ ಮನೆಯಲ್ಲಿದ್ದೆ. ಧಾರಾವಾಹಿ ಮುಗಿಸಿಕೊಂಡು ಅರೆನಿದ್ದೆಯಲ್ಲಿ ಇದ್ದವಳ ಹಾಗೆ ಹೊರಬಂದರೆ ಕೇರಿಯ ಮೇಲೆ ಬಿಸಿಲು ಬಿಳಿಯಾಗಿ ಬಿದ್ದಿರುತ್ತಿತ್ತು. ಹೊಳೆಯ ಕಡೆಯಿಂದ ಉಪ್ಪುಗಾಳಿ ಬರುತ್ತಿತ್ತು. ನಾನು ಗಣಿತದ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಆ ಉದ್ದ ಹಾಲಿನಲ್ಲಿ ನಡೆದಂತೆ ಓಣಿಯಲ್ಲಿ ನಡೆಯುತ್ತಿದ್ದೆ. ಎರಡೂ ಬದಿ ಎದ್ದು ನಿಲ್ಲಲು ಇದ್ದದ್ದು ಒಣಗಲು ಹಾಕಿದ ಬಲೆ ಮತ್ತು ಮಲಗಿದ ನಾಯಿ. ನಾಯಿಯೂ ಏಳುತ್ತಿರಲಿಲ್ಲ.

ನನ್ನ ದೊಡ್ಡಮ್ಮ ಮೀನು ಮಾರುವವಳು. ಗಂಡ ಬೇಗ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮಾರ್ಕೆಟ್ಟಿನಲ್ಲಿ ಅವಳ ಬಾಯಿ ಪ್ರಸಿದ್ಧ. "ಹ್ವಾಯ್, ಮೀನ್ ಕಾಂಬುಕ್ ಬಂದದ್ದಾ, ಅಲ್ಲ ಅದರ ಜಾತಕ ಕಾಂಬುಕ್ ಬಂದದ್ದಾ?" ಎಂದು ಗಿರಾಕಿಗಳಿಗೇ ಕೇಳುವಳು. ಗಿರಾಕಿಗಳು ನಕ್ಕು, ಬೈದು, ಮುಖ ತಿರುಗಿಸಿ ನಾಲ್ಕು ಹೆಜ್ಜೆ ಹೋಗಿ ಮತ್ತೆ ಅವಳ ಬುಟ್ಟಿಯ ಮುಂದೆಯೇ ಬಂದು ನಿಲ್ಲುವರು. ಚೌಕಾಸಿ ಮಾಡದೆ ಯಾರಾದರೂ ಮೀನು ಕೊಂಡರೆ ದೊಡ್ಡಮ್ಮನಿಗೆ ಆ ದಿನ ಏನೋ ಕಳೆದುಕೊಂಡ ಹಾಗೆ.

ಅವಳ ಪಕ್ಕದಲ್ಲಿ ಕೂರುತ್ತಿದ್ದವಳು ಅವಳ ಜೊತೆಗಾರ್ತಿ. ನಾನು ಅವಳನ್ನು ಚಿಕ್ಕಿ ಎನ್ನುತ್ತಿದ್ದೆ, ಆದರೆ ಸಂಬಂಧವೇನೂ ಇರಲಿಲ್ಲ. ನಾನು ಸಣ್ಣವಳಿದ್ದಾಗ ರಜೆಗೆ ಬಂದರೆ ನನ್ನನ್ನು ಎತ್ತಿಕೊಂಡು ತಿರುಗುತ್ತಿದ್ದವಳು ಅವಳೇ. ದೊಡ್ಡಮ್ಮನದು ಬಾಯಿಯಾದರೆ ಚಿಕ್ಕಿಯದು ಮೂಗು ಮತ್ತು ಬೆರಳು. ಮೀನನ್ನು ಒಮ್ಮೆ ಒತ್ತಿ ನೋಡಿ ಅದು ಎಷ್ಟು ಹೊತ್ತಿನದು ಎಂದು ಹೇಳುವಳು. ಒಣಮೀನಿಗೆ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದು ಅವಳಿಗೆ ಮಾರು ದೂರದಿಂದಲೇ ತಿಳಿಯುತ್ತಿತ್ತು. ಅವಳು ಮಾತಾಡುವುದು ಕಡಿಮೆ. ಎಲೆಯಡಿಕೆ ಹಾಕಿಕೊಂಡು ಕೆಂಪಾದ ಹಲ್ಲು ತೋರಿಸಿ ನಗುವುದೇ ಅವಳ ಮಾತು. ಮಳೆಗಾಲದಲ್ಲಿ ದೋಣಿಗಳು ನಿಂತಾಗ ಇಬ್ಬರೂ ಒಣಮೀನಿನ ಬುಟ್ಟಿ ಹೊತ್ತು ಬಸ್ಸಿನಲ್ಲಿ ಅಮಾಸೆಬೈಲಿನ ತನಕ ಹೋಗಿ ಮಾರಿಕೊಂಡು ಬರುತ್ತಿದ್ದರು.

ಸಂಜೆ ಮಾರ್ಕೆಟ್ಟು ಖಾಲಿಯಾದ ಮೇಲೆ ಇಬ್ಬರೂ ಉಳಿದ ಮೀನನ್ನು ಮನೆಗೆಂದು ಪಾಲು ಮಾಡುತ್ತಿದ್ದರು. ಅದಕ್ಕೊಂದು ಕ್ರಮವಿತ್ತು. ದೊಡ್ಡಮ್ಮ ಬಾಳೆಲೆಯ ಮೇಲೆ ಎರಡು ಗುಂಪು ಮಾಡುವಳು. ಚಿಕ್ಕಿ ಬೆನ್ನು ತಿರುಗಿಸಿ ಗೋಡೆಯ ಕಡೆ ಮುಖ ಮಾಡಿ ನಿಲ್ಲುವಳು. ದೊಡ್ಡಮ್ಮ ಒಂದು ಗುಂಪಿನ ಮೇಲೆ ಬೆರಳಿಟ್ಟು "ಇದ್ ಯಾರಿಗೆ?" ಎಂದು ಕೇಳುವಳು. ಚಿಕ್ಕಿ ನೋಡದೆಯೇ "ನಂಗೆ" ಎಂದರೆ ಅದು ಅವಳದು, "ನಿಂಗೆ" ಎಂದರೆ ದೊಡ್ಡಮ್ಮನದು. ಆಮೇಲೆ ತಕರಾರಿಲ್ಲ.

ನಾನು ಅಲ್ಲಿ ಕೂತು ನೋಡಿ ನೋಡಿ ಒಂದು ಗುಟ್ಟು ಕಂಡುಹಿಡಿದೆ. ಚಿಕ್ಕಿ ಯಾವಾಗಲೂ "ನಂಗೆ" ಎಂದೇ ಹೇಳುತ್ತಿದ್ದಳು. ದೊಡ್ಡಮ್ಮ ಯಾವಾಗಲೂ ಒಳ್ಳೆಯ ಗುಂಪಿನ ಮೇಲೆಯೇ ಬೆರಳಿಡುತ್ತಿದ್ದಳು. ದೊಡ್ಡ ಬಂಗುಡೆಗಳು, ಎಂದಾದರೂ ಒಂದು ದುಬಾರಿ ಕಾಣೆ ಮೀನು ಉಳಿದಿದ್ದರೆ ಅದೂ ಆ ಗುಂಪಿನಲ್ಲೇ. ಚಿಕ್ಕಿಯ ಮನೆಯಲ್ಲಿ ಉಣ್ಣುವ ಬಾಯಿ ಏಳು, ನಮ್ಮಲ್ಲಿ ಎರಡು. ಒಂದು ದಿನ ನಾನು ದೊಡ್ಡಮ್ಮನಿಗೆ "ನೀ ಮಾಡುದ್ ಮೋಸ ಅಲ್ದಾ?" ಎಂದು ಕೇಳಿದೆ. ಅವಳು ನನ್ನ ಕಿವಿ ಹಿಂಡಿ, "ಬಾಯ್ ಮುಚ್ಕಂಡ್ ಬಾ. ಅದಕ್ ಗೊತ್ತಾರೆ ನಾಳಿಂದ ತಕಣತಿಲ್ಲೆ" ಎಂದಳು. ಚಿಕ್ಕಿಗೆ ಅದು ದಾನ ಅನ್ನಿಸಬಾರದು ಎಂಬುದಷ್ಟೇ ಅವಳ ಚಿಂತೆ.

ಇದನ್ನೆಲ್ಲ ಕಣ್ಣಾರೆ ಕಂಡೂ ನಾನು ಕನಸಿನಲ್ಲಿ ಫೈಲು ಹಿಡಿದವಳ ಹಿಂದೆಯೇ ಹೋಗುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ದೊಡ್ಡಮ್ಮನ ಬಗ್ಗೆ ನಾಚಿಕೆ ಇತ್ತು. ಶಾಲೆಯಲ್ಲಿ ಯಾರಾದರೂ ಕೇಳಿದರೆ "ಬಿಸಿನೆಸ್" ಎನ್ನುತ್ತಿದ್ದೆ.

ವರ್ಷಗಳು ಕಳೆದವು. ಇಬ್ಬರೂ ಸೇರಿ ಹೊಳೆಬದಿಯಲ್ಲಿ ಒಣಮೀನಿನ ಶೆಡ್ಡು ಹಾಕಿದರು. ಹತ್ತು ಹೆಂಗಸರಿಗೆ ಅಲ್ಲಿ ಕೆಲಸ. ಉಪ್ಪು ಹಾಕುವುದು, ಚಾಪೆಯ ಮೇಲೆ ಹರಡುವುದು, ತಿರುವಿ ಹಾಕುವುದು ಎಲ್ಲ ಚಿಕ್ಕಿಯ ಮೇಲ್ವಿಚಾರಣೆ. ಮಾರುವುದು, ಜಗಳವಾಡುವುದು ದೊಡ್ಡಮ್ಮನದು. ಇಬ್ಬರೂ ಸಂಜೆಯ ಮಾರ್ಕೆಟ್ಟು ಬಿಡಲಿಲ್ಲ, ಪಾಲು ಮಾಡುವುದನ್ನೂ ಬಿಡಲಿಲ್ಲ. ನಾನು ಓದು ಮುಗಿಸಿ ಬ್ರಹ್ಮಾವರದ ಒಂದು ಶಾಲೆಯಲ್ಲಿ ಟೀಚರಾದೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕಿಟಕಿಯ ಹೊರಗೆ ಗದ್ದೆ, ತೆಂಗು, ಕುಂಭಾಶಿಯ ತಿರುವು ಎಲ್ಲ ಹಿಂದೆ ಸರಿಯುವಾಗ ನಾನು ಬೇರೆಯೇ ಲೋಕದಲ್ಲಿರುತ್ತಿದ್ದೆ.

ಹಾಗೆ ಕನಸು ಕಾಣುತ್ತಾ ಇದ್ದವಳು ಒಂದು ದಿನ ಟೀವಿಗೆ ಕಾಗದ ಬರೆದುಬಿಟ್ಟೆ. ಸಾಧನೆ ಮಾಡಿದ ಹೆಂಗಸರ ಕುರಿತ ಒಂದು ಕಾರ್ಯಕ್ರಮ ಆಗ ಭಾನುವಾರ ಬೆಳಿಗ್ಗೆ ಬರುತ್ತಿತ್ತು. ನಿಮಗೆ ಗೊತ್ತಿರುವವರ ಬಗ್ಗೆ ಬರೆದು ಕಳಿಸಿ ಎಂದಿದ್ದರು. ನಾಲ್ಕು ಪುಟ ಬರೆದೆ. ಒಂಟಿ ಹೆಣ್ಣು, ಬರಿಗೈ, ಛಲ ಎಂದೆಲ್ಲ ಬರೆದೆ. ನಾಲ್ಕು ಪುಟದಲ್ಲಿ ಚಿಕ್ಕಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ.

ಅವರು ನಿಜಕ್ಕೂ ಬಂದರು. ವ್ಯಾನಿನಿಂದ ಮೊದಲು ಇಳಿದವಳು ಕಾರ್ಯಕ್ರಮ ನಡೆಸಿಕೊಡುವ ಹುಡುಗಿ. ಪ್ರತಿ ಭಾನುವಾರ ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದವಳು. ಇಳಿದವಳೇ ತೆಂಗಿನ ಬುಡಕ್ಕೆ ಹೋಗಿ ವಾಂತಿ ಮಾಡಿದಳು, ಘಟ್ಟದ ರಸ್ತೆ ಅವಳಿಗೆ ಹಿಡಿಸಿರಲಿಲ್ಲ. ಅವಳ ಚಪ್ಪಲಿಯ ಬಾರಿಗೆ ಪಿನ್ನು ಚುಚ್ಚಿತ್ತು. ಚಿಕ್ಕಿ ಅವಳ ಬೆನ್ನು ನೀವಿ, ಒಳಗೆ ಕರೆದುಕೊಂಡು ಹೋಗಿ ಗಂಜಿತಿಳಿ ಕುಡಿಸಿ, ಚಾಪೆ ಹಾಸಿ ಮಲಗಿಸಿದಳು. ಹುಡುಗಿ ಬಾಯಿ ತೆರೆದುಕೊಂಡು ಮಗುವಿನ ಹಾಗೆ ನಿದ್ದೆ ಹೋದಳು. ಅರ್ಧ ಗಂಟೆಯ ನಂತರ ಎದ್ದು ಪೌಡರ್ ಹಚ್ಚಿಕೊಂಡು ಕ್ಯಾಮೆರಾದ ಮುಂದೆ ನಿಂತಾಗ ಅವಳು ಮತ್ತೆ ಟೀವಿಯವಳಾಗಿದ್ದಳು. ಅವಳನ್ನು ನೋಡಿಯಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ನಾನು ದೊಡ್ಡಮ್ಮನಿಗೆ ಮದುವೆಗೆ ಉಡುವ ರೇಷ್ಮೆ ಸೀರೆ ಉಡಿಸಿದ್ದೆ. ಪಕ್ಕದ ಮನೆಯಿಂದ ಹಿಡಿಯಿರುವ ಕುರ್ಚಿ ತಂದು ಶೆಡ್ಡಿನ ಮುಂದೆ ಹಾಕಿದ್ದೆ. ಕೈಗೊಂದು ಫೈಲು ಕೊಟ್ಟಿದ್ದೆ, ಒಳಗೆ ನನ್ನ ಶಾಲೆಯ ಉತ್ತರಪತ್ರಿಕೆಗಳಿದ್ದವು. ಎಲ್ಲ ಸರಿಯಾಯಿತು ಎನ್ನುವಾಗ ಚಿಕ್ಕಿ ಬಂದು ಕುರ್ಚಿಯ ಪಕ್ಕದಲ್ಲಿ, ಮಾರ್ಕೆಟ್ಟಿನಲ್ಲಿ ಕೂರುವ ಹಾಗೆ, ನೆಲದ ಮೇಲೆ ಕೂತಳು. ಅವಳೂ ತಲೆ ಬಾಚಿ ಅಬ್ಬಲಿಗೆ ಮುಡಿದಿದ್ದಳು. ಕ್ಯಾಮೆರಾದವನು ಏನೂ ಹೇಳಲಿಲ್ಲ, ಹುಡುಗಿಯೂ ಹೇಳಲಿಲ್ಲ. ನನ್ನ ಕಣ್ಣಿಗೆ ಮಾತ್ರ ಚಿತ್ರ ಕೆಟ್ಟಿತು. ಟೀವಿಯಲ್ಲಿ ಗೆದ್ದ ಹೆಂಗಸಿನ ಪಕ್ಕ ಯಾರೂ ಕೂತಿರುವುದಿಲ್ಲ.

ನಾನು ಚಿಕ್ಕಿಯ ಕಿವಿಯ ಹತ್ತಿರ ಬಗ್ಗಿ, "ಚಿಕ್ಕಿ, ನೀನ್ ಚೂರ್ ಆಚಿಗ್ ಹೋಯ್ಕ್ ಅಂಬ್ರ್" ಎಂದೆ.

"ಯಾರ್ ಹೇಳದ್ದ್?" ಎಂದಳು ಚಿಕ್ಕಿ.

ನಾನು ಹೇಳಿದ್ದು ಎನ್ನಲು ಧೈರ್ಯ ಬರಲಿಲ್ಲ. "ದೊಡ್ಡಮ್ಮ ಹೇಳ್ತ್" ಎಂದುಬಿಟ್ಟೆ.

ಚಿಕ್ಕಿ ನನ್ನ ಮುಖ ನೋಡಿದಳು, ಕುರ್ಚಿಯ ಮೇಲಿದ್ದವಳ ಮುಖ ನೋಡಿದಳು. ದೊಡ್ಡಮ್ಮನಿಗೆ ಇದು ಕೇಳಿಸಿರಲಿಲ್ಲ, ಅವಳು ಸೀರೆಯ ಸೆರಗು ಸರಿಮಾಡುತ್ತಿದ್ದಳು. ಚಿಕ್ಕಿ ಎದ್ದು ಸೀರೆಯ ಧೂಳು ಕೊಡವಿಕೊಂಡು ಚಾಪೆಗಳ ಕಡೆ ಹೋಗಿ ಮೀನು ತಿರುವಿ ಹಾಕತೊಡಗಿದಳು.

ಆಮೇಲೆ ಮಾತು ಶುರುವಾಯಿತು. ಟೀವಿಯಲ್ಲಿ ಶುದ್ಧ ಕನ್ನಡ ಮಾತಾಡಬೇಕು ಎಂದು ಹಿಂದಿನ ದಿನವೇ ನಾನು ದೊಡ್ಡಮ್ಮನಿಗೆ ಹೇಳಿಕೊಟ್ಟಿದ್ದೆ. ಅವಳಿಗೆ ಗೊತ್ತಿದ್ದ ಶುದ್ಧ ಕನ್ನಡ ಒಂದೇ, ಯಕ್ಷಗಾನದ್ದು. ಚಿಕ್ಕಂದಿನಿಂದ ಟೆಂಟಿನಲ್ಲಿ ಕೂತು ನೋಡಿದ ಆಟಗಳ ರಾಣಿಯರೆಲ್ಲ ಅವಳ ಗಂಟಲಲ್ಲಿದ್ದರು. "ಇದನ್ನೆಲ್ಲ ಹೇಗೆ ಕಟ್ಟಿದ್ರಿ?" ಎಂದು ಹುಡುಗಿ ಕೇಳಿದ್ದೇ ತಡ, ದೊಡ್ಡಮ್ಮ ಬೆನ್ನು ನೆಟ್ಟಗೆ ಮಾಡಿ, ಗತ್ತಿನಿಂದ ಕತ್ತು ತಿರುಗಿಸಿ, "ಅಹುದು. ಯಾರ ಹಂಗೂ ಇಲ್ಲದೆ, ಯಾರ ನೆರವನ್ನೂ ಬಯಸದೆ, ಏಕಾಂಗಿಯಾಗಿ ಇದೆಲ್ಲವನ್ನೂ ಸಾಧಿಸಿದವಳು ನಾನು" ಎಂದಳು. ಕರಾವಳಿಯ ನಾವು ದೊಡ್ಡ ಮಾತಾಡಬೇಕಾಗಿ ಬಂದರೆ ರಂಗಸ್ಥಳಕ್ಕೇ ಏರುವುದು. ಬೆಂಗಳೂರಿನಿಂದ ಬಂದವರಿಗೆ ಇದು ತಿಳಿಯಲಿಲ್ಲ. ಅವರು ಖುಷಿಯಿಂದ ತಲೆಯಾಡಿಸಿದರು. ದೊಡ್ಡಮ್ಮನ ಹಿಂದೆ ಹೊಳೆ ಹೊಳೆಯುತ್ತಿತ್ತು, ಸೀರೆಯ ಜರಿ ಹೊಳೆಯುತ್ತಿತ್ತು. ನಾನು ಹದಿಮೂರನೇ ವರ್ಷದಿಂದ ಕಾದಿದ್ದ ಚಿತ್ರ ಅದು. ನನಗೆ ಕಣ್ಣಲ್ಲಿ ನೀರು ಬಂತು.

ಕಾರ್ಯಕ್ರಮ ಬಂದ ಭಾನುವಾರ ಪಕ್ಕದ ಮನೆಯ ಟೀವಿಯನ್ನು ಜಗಲಿಗೆ ತಂದಿಟ್ಟರು. ಶೆಡ್ಡಿನ ಹೆಂಗಸರೆಲ್ಲ ಅಂಗಳದಲ್ಲಿ ಕೂತಿದ್ದರು. ತೆರೆಯ ಮೇಲೆ ದೊಡ್ಡಮ್ಮ ಬಂದಾಗ ಎಲ್ಲರೂ ಮುಂದಕ್ಕೆ ಸರಿದು ಕೂತರು. ಅದು ಅವಳೇ, ಆದರೆ ಅವಳಲ್ಲ. ಹಿನ್ನೆಲೆಯಲ್ಲಿ ವೀಣೆ. "ಏಕಾಂಗಿಯಾಗಿ" ಎಂಬ ಮಾತನ್ನು ಎರಡು ಸಲ ಹಾಕಿದ್ದರು. ಎರಡನೇ ಸಲ ಆ ಮಾತು ಬಂದಾಗ, ದೂರದಲ್ಲಿ ಬಗ್ಗಿ ಮೀನು ತಿರುವುತ್ತಿದ್ದ ಒಬ್ಬ ಹೆಂಗಸಿನ ಬೆನ್ನು ಕಾಣಿಸಿತು. ಅದು ಚಿಕ್ಕಿ. ಕೂಲಿಯವಳ ಹಾಗೆ ಕಂಡಳು. ನಾನು ತಿರುಗಿ ಅಂಗಳದಲ್ಲಿ ಹುಡುಕಿದೆ. ಅವಳು ಕೂತಿದ್ದ ಜಾಗ ಖಾಲಿಯಾಗಿತ್ತು.

ಮರುದಿನದಿಂದ ಮಾರ್ಕೆಟ್ಟಿನಲ್ಲಿ ದೊಡ್ಡಮ್ಮನ ಮುಂದೆ ಜನ ಹೆಚ್ಚಾದರು, ಚೌಕಾಸಿ ನಿಂತುಹೋಯಿತು. ಜನ ಮರ್ಯಾದೆಯಿಂದ ಬಂದು, ಹೇಳಿದ್ದಕ್ಕೆ ಒಪ್ಪಿ, ಮೀನು ತೆಗೆದುಕೊಂಡು ಹೋಗುತ್ತಿದ್ದರು. ಅವಳು ಕೆಣಕಿದರೂ ಯಾರೂ ತಿರುಗಿ ಬೈಯಲಿಲ್ಲ. "ಎಂತ ಆಯ್ತ್ ಈ ಜನಕ್ಕೆ? ನಾನೆಂತ ಸತ್ತ್ ಹೋಯ್ದ್ನಾ?" ಎಂದು ಅವಳು ಗೊಣಗಿದಳು. ಜನ ಟೀವಿಯ ರಾಣಿಯನ್ನು ಮಾತಾಡಿಸಲು ಬರುತ್ತಿದ್ದರು, ಬುಟ್ಟಿಯ ಹಿಂದೆ ಕೂತವಳು ಅವರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಅದನ್ನಾದರೂ ಅವಳು ಸಹಿಸುತ್ತಿದ್ದಳು. ಸಹಿಸಲಾಗದ್ದು ಪಕ್ಕದಲ್ಲೇ ಇತ್ತು. ಇಪ್ಪತ್ತು ವರ್ಷ "ನೀನ್", "ಮಾರಾಯ್ತಿ" ಎನ್ನುತ್ತಿದ್ದ ಚಿಕ್ಕಿ "ಹ್ವಾಯ್, ನಿಮಗೆ ನೀರ್ ಬೇಕಾ?" ಎಂದು ಕೇಳತೊಡಗಿದ್ದಳು. ಸಂಜೆ ದೊಡ್ಡಮ್ಮ ಎರಡು ಗುಂಪು ಮಾಡಿದರೆ ಅವಳು ಬೆನ್ನು ತಿರುಗಿಸಲಿಲ್ಲ. "ನೀವ್ ಕೊಟ್ಟದ್ದ್ ಆಯ್ತ್" ಎಂದು ಕೈಕಟ್ಟಿ ನಿಂತಳು. ದೊಡ್ಡಮ್ಮ ಒಳ್ಳೆಯ ಗುಂಪನ್ನು ಅವಳತ್ತ ತಳ್ಳಿದಾಗ, ಅದನ್ನು ಬಿಟ್ಟು ಸಣ್ಣದನ್ನು ಎತ್ತಿಕೊಂಡು ಹೋದಳು. ಹೀಗೆ ಹಲವು ದಿನ ನಡೆಯಿತು. ದೊಡ್ಡಮ್ಮನಿಗೆ ಊಟ ಸೇರುತ್ತಿರಲಿಲ್ಲ. "ನಾ ಎಂತ ಮಾಡ್ದೆ ಅದಕ್ಕೆ? ಟೀವಿಯಗ್ ಹೇಳದ್ದ್ ಆಟದ ಮಾತ್ ಅಲ್ದಾ? ಆಟದಗೆ ರಕ್ಕಸನ ವೇಷ ಹಾಕ್ದವ ಮನಿಗ್ ಬಂದ್ ಗಂಜಿ ಉಣ್ತಿಲ್ಯಾ?" ಎಂದು ನನ್ನನ್ನು ಕೇಳುವಳು. ಅವಳಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಅರ್ಥವಾಗಿದ್ದವಳು ನಾನೊಬ್ಬಳೇ.

ಒಂದು ಬೆಳಿಗ್ಗೆ ಅವಳು ಬಾವಿಕಟ್ಟೆಯ ಹತ್ತಿರ ಸುಮ್ಮನೆ ಕೂತಿದ್ದನ್ನು ನೋಡಲಾಗದೆ ಹೇಳಿಬಿಟ್ಟೆ. ಚಿಕ್ಕಿಯನ್ನು ಆಚೆ ಕಳಿಸಿದ್ದು ನಾನು, ನಿನ್ನ ಹೆಸರು ಹೇಳಿ ಕಳಿಸಿದೆ ಎಂದೆ. ಬೈಗುಳಕ್ಕೆ ಎತ್ತಿದ ಕೈಯಾದ ದೊಡ್ಡಮ್ಮ ಅವತ್ತು ಒಂದು ಮಾತೂ ಬೈಯಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಬಾವಿಯ ಹಗ್ಗವನ್ನು ಸುತ್ತಿಡುತ್ತಾ, "ಇದನ್ ಅದರ ಹತ್ರ ಹೇಳ್ಬೇಡ. ನಿನ್ನ್ ಎತ್ತಿ ಆಡ್ಸದ್ದ್ ಅದ್. ನಾ ಹೇಳದ್ದ್ ಅಂದ್ರೆ ತಡ್ಕಣತ್ತ್. ನೀ ಹೇಳದ್ದ್ ಅಂದ್ರೆ ತಡ್ಕಣತಿಲ್ಲೆ" ಎಂದಳು.

ಅವತ್ತು ಸಂಜೆ ನಾನೂ ಮಾರ್ಕೆಟ್ಟಿಗೆ ಹೋದೆ. ಮಾಡಿನ ಸಂದಿನಿಂದ ಇಳಿದ ಬಿಸಿಲು ಒದ್ದೆ ನೆಲದ ಮೇಲೆ ಉದ್ದುದ್ದ ಬಿದ್ದಿತ್ತು. ದೊಡ್ಡಮ್ಮ ಬಾಳೆಲೆಯ ಮೇಲೆ ಎರಡು ಗುಂಪು ಮಾಡಿದಳು, ಒಂದು ದೊಡ್ಡದು, ಒಂದು ಸಣ್ಣದು, ಕುರುಡರಿಗೂ ತಿಳಿಯುವಷ್ಟು ವ್ಯತ್ಯಾಸ. ಆಮೇಲೆ ಎದ್ದು, ತಾನೇ ಬೆನ್ನು ತಿರುಗಿಸಿ, ಗೋಡೆಗೆ ಮುಖ ಮಾಡಿ ನಿಂತಳು.

"ಇವತ್ತ್ ನೀ ಕೇಣ್" ಎಂದಳು.

ಚಿಕ್ಕಿ ಅಲ್ಲಾಡಲಿಲ್ಲ. ಮಾರ್ಕೆಟ್ಟಿನ ಹೆಂಗಸರೆಲ್ಲ ಕೆಲಸ ನಿಲ್ಲಿಸಿ ನೋಡಿದರು. ಟೀವಿಯಲ್ಲಿ ಬಂದವಳು ಶಾಲೆಯಲ್ಲಿ ತಪ್ಪು ಮಾಡಿದ ಮಗುವಿನ ಹಾಗೆ ಗೋಡೆ ನೋಡುತ್ತಾ ನಿಂತಿದ್ದಳು. ನಿಂತೇ ಇದ್ದಳು. ಕೊನೆಗೆ ಚಿಕ್ಕಿ ಮುಂದೆ ಬಂದಳು. ಅವಳ ಬೆರಳು ದೊಡ್ಡ ಗುಂಪಿನ ಮೇಲೆ ಒಂದು ಕ್ಷಣ ನಿಂತು, ಸಣ್ಣದರ ಮೇಲೆ ಹೋಯಿತು.

"ಇದ್ ಯಾರಿಗೆ?"

"ನಂಗೆ" ಎಂದಳು ದೊಡ್ಡಮ್ಮ, ಗೋಡೆಗೆ.

"ಹಂಗಾರೆ ತಗಂಡ್ ಹೋಗ್, ಮಾರಾಯ್ತಿ" ಎಂದಳು ಚಿಕ್ಕಿ. "ಟೀವಿಯಗ್ ಬಂದದ್ದಕ್ಕೆ ಅಷ್ಟೇ ಪಾಲ್. ಇಷ್ಟ್ ವರ್ಷ ನೀ ಎಲ್ಲಿ ಬೆರಳ್ ಇಡ್ತೆ ಅಂದೇಳಿ ನಂಗ್ ಗೊತ್ತಿಲ್ಲೆ ಅಂದ್ ಮಾಡಿದ್ಯಾ?"

ದೊಡ್ಡಮ್ಮ ತಿರುಗಿದಾಗ ಅವಳ ಕೆನ್ನೆ ಒದ್ದೆಯಾಗಿತ್ತು. ಸಣ್ಣ ಪಾಲನ್ನು ಎಲೆಯಲ್ಲಿ ಕಟ್ಟಿಕೊಂಡು, ದಾರಿಯುದ್ದಕ್ಕೂ ಚಿಕ್ಕಿಯನ್ನು ಬಾಯಿಗೆ ಬಂದಂತೆ ಬೈಯುತ್ತಾ ಮನೆಗೆ ಬಂದಳು. ಅವಳನ್ನು ಅಷ್ಟು ಸಂತೋಷದಲ್ಲಿ ನಾನು ನೋಡಿರಲಿಲ್ಲ.

ಇದಾಗಿ ಹಲವು ವರ್ಷಗಳ ನಂತರ ದೊಡ್ಡಮ್ಮನಿಗೆ ಮೊಣಕಾಲು ನೋವು ಬಂದು ಮಾರ್ಕೆಟ್ಟು ಬಿಡಬೇಕಾಯಿತು. ಶನಿವಾರ ಸಂಜೆ ಅವಳ ಪಾಲು ತರಲು ನಾನು ಹೋಗುತ್ತಿದ್ದೆ. ಚಿಕ್ಕಿ ಎರಡು ಗುಂಪು ಮಾಡಿ, "ತಿರಗ್" ಎನ್ನುತ್ತಿದ್ದಳು. ನಾನು ಗೋಡೆಗೆ ಮುಖ ಮಾಡಿ "ನಂಗೆ" ಎನ್ನುತ್ತಿದ್ದೆ. ಪ್ರತಿ ಸಲವೂ ಚೀಲ ಭಾರವಾಗಿರುತ್ತಿತ್ತು. ಆ ಭಾರ ಹೊತ್ತು ಬರುವಾಗ ಬಾವಿಕಟ್ಟೆಯ ಮಾತು ನೆನಪಾಗುತ್ತಿತ್ತು. ಹೇಳಬೇಡ ಎಂದು ದೊಡ್ಡಮ್ಮ ಹೇಳಿದ್ದು ಚಿಕ್ಕಿಯ ಸಲುವಾಗಿ, ಆದರೆ ಅಷ್ಟು ವರ್ಷ ಅದರ ಲಾಭ ಉಂಡವಳು ನಾನು.

ಒಂದು ಶನಿವಾರ ಗೋಡೆಯ ಕಡೆ ತಿರುಗಿ ನಿಂತಾಗ, ಅವಳ ಮುಖ ಕಾಣದ ಧೈರ್ಯದಲ್ಲಿ, "ಚಿಕ್ಕಿ, ಅವತ್ ನಿನ್ನ್ ಆಚಿಗ್ ಹೋಯ್ಕ್ ಅಂದದ್ದ್ ದೊಡ್ಡಮ್ಮ ಅಲ್ಲ. ನಾನ್" ಎಂದೆ.

ಗೋಡೆಯ ಸುಣ್ಣ ಅಲ್ಲಲ್ಲಿ ಎದ್ದು ಬಂದಿತ್ತು. ದೂರದಲ್ಲಿ ಯಾರೋ ನೆಲಕ್ಕೆ ನೀರು ಸುರಿದು ಗುಡಿಸುತ್ತಿದ್ದರು. ಆಮೇಲೆ ಚಿಕ್ಕಿಯ ದನಿ ಕೇಳಿಸಿತು.

"ಇದ್ ಯಾರಿಗೆ?"

"ನಂಗೆ" ಎಂದೆ.

ಮನೆಗೆ ಬಂದು ಚೀಲ ಕೊಟ್ಟಾಗ ದೊಡ್ಡಮ್ಮ ಒಳಗೆ ಇಣುಕಿ ನೋಡಿದಳು. ನಾಲ್ಕೇ ನಾಲ್ಕು ಸಣ್ಣ ಬಂಗುಡೆಗಳಿದ್ದವು. ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು.

"ಹೇಳ್ದ್ಯಾ?" ಎಂದಳು.

ನಾನು ಹೌದು ಎಂದು ತಲೆಯಾಡಿಸಿದೆ. ಅವಳು ನಗುತ್ತಾ ಮೀನನ್ನು ನನ್ನ ಕೈಗೇ ಕೊಟ್ಟು, ತೊಳೆಯಲು ಹೇಳಿದಳು.